ರಸ್ತೆಯ ಹಕ್ಕು



ಬೆಂಗಳೂರಿನ ಯಾವುದಾದರೂ ಅಗಲವಾದ ರಸ್ತೆಯ ಬದಿಯಲ್ಲಿ ಮನೆಯಿರುವವರಿಗೆ ಒಂದು ಸದ್ದು ಚೆನ್ನಾಗಿ ಗೊತ್ತು. ನಡುರಾತ್ರಿ ಸರಿದ ಮೇಲೆ ಸೈಲೆನ್ಸರ್ ಬದಲಾಯಿಸಿದ ಬೈಕುಗಳು ಒಂದರ ಹಿಂದೊಂದು ಅಬ್ಬರಿಸುತ್ತಾ ಬರುತ್ತವೆ. ಜೊತೆಗೆ ಕೇಕೆ, ಶಿಳ್ಳೆ. ತೊಟ್ಟಿಲಲ್ಲಿರುವ ಮಗು ಬೆಚ್ಚಿ ಅಳುತ್ತದೆ. ಹೃದ್ರೋಗದಿಂದ ನರಳುವ ಹಿರಿಯರು ಎದ್ದು ಕೂರುತ್ತಾರೆ. ಅದೇ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ತಾಯಂದಿರು ಕತ್ತಲಲ್ಲೇ ಎದ್ದು, ಮಗ ಹಾಸಿಗೆಯಲ್ಲಿ ಇದ್ದಾನೆಯೇ ಎಂದು ನೋಡಿ ಬರುತ್ತಾರೆ.

ಈ ಹುಚ್ಚು ಯಾವುದೇ ಒಂದು ಸಮುದಾಯದ್ದಲ್ಲ. ಹೊಸ ವರ್ಷದ ರಾತ್ರಿಯೂ ಬೆಂಗಳೂರಿನ ಪೊಲೀಸರು ಮೇಲ್ಸೇತುವೆಗಳನ್ನು ಮುಚ್ಚಬೇಕಾಗುತ್ತದೆ. ಆದರೆ ಇನ್ನೊಂದು ರಾತ್ರಿ ಅವರು ಹೀಗೆ ಮೇಲ್ಸೇತುವೆಗಳನ್ನು ಮುಚ್ಚುತ್ತಾರೆ ಎಂಬುದನ್ನು ಬರೆಯಲು ಲೇಖನಿ ನಾಚುತ್ತದೆ. ಅದು ಶಬೆ ಬರಾಅತ್‌ನ ರಾತ್ರಿ. 2025ರ ಫೆಬ್ರವರಿಯಲ್ಲೂ ಹೀಗೆಯೇ ಆಯಿತು. ಕಾರಣ ವೀಲಿಂಗ್ ಮತ್ತು ಬೈಕ್ ರೇಸ್. ಆ ರಾತ್ರಿಯ ವಿಶೇಷ ಆರಾಧನೆಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಅದು ಬೈಕಿನ ಮುಂದಿನ ಚಕ್ರ ಎತ್ತಿ ಕೇಕೆ ಹಾಕುವ ರಾತ್ರಿ ಎಂದು ಇಂದಿನವರೆಗೆ ಯಾವ ವಿದ್ವಾಂಸರೂ ಹೇಳಿಲ್ಲ. ತಂದೆ ಮಸೀದಿಯಲ್ಲಿ ಕೈಯೆತ್ತಿ ಕ್ಷಮೆ ಬೇಡುತ್ತಿರುವಾಗ ಮಗ ಮೇಲ್ಸೇತುವೆಯ ಮೇಲೆ ಪರರ ಪ್ರಾಣದೊಂದಿಗೆ ಆಟವಾಡುತ್ತಿದ್ದರೆ, ಆ ಮನೆಯ ಶಿಕ್ಷಣದಲ್ಲಿ ಎಲ್ಲೋ ಕೊರತೆಯಾಗಿದೆ ಎಂದೇ ಅರ್ಥ.

ಇಸ್ಲಾಮ್ ಯುವಕರ ಉತ್ಸಾಹವನ್ನು ಚಿವುಟುವ ಧರ್ಮವೇ? ಖಂಡಿತ ಅಲ್ಲ. ಪ್ರವಾದಿವರ್ಯರು(ಸ) ಸ್ವತಃ ಕುದುರೆ ಓಟದ ಸ್ಪರ್ಧೆ ಏರ್ಪಡಿಸಿದ್ದರು. ಹ. ಇಬ್ನು ಉಮರ್(ರ) ಅದನ್ನು ವರದಿ ಮಾಡಿದ್ದಾರೆ, ಅವರೂ ಅದರಲ್ಲಿ ಪಾಲ್ಗೊಂಡಿದ್ದರು. ತರಬೇತಾದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾಅ್‌ವರೆಗೆ, ತರಬೇತಾಗದ ಕುದುರೆಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ ಓಟ ನಿಗದಿಯಾಗಿತ್ತು. ಮೊದಲನೆಯದು ಐದಾರು ಮೈಲಿ, ಎರಡನೆಯದು ಸುಮಾರು ಒಂದು ಮೈಲಿ ಎಂದು ವರದಿಗಾರರಲ್ಲೊಬ್ಬರಾದ ಸುಫ್ಯಾನ್ ವಿವರಿಸಿದ್ದಾರೆ (ಬುಖಾರಿ). ಇಲ್ಲಿನ ಶಿಸ್ತನ್ನು ಗಮನಿಸಿರಿ. ಎಲ್ಲಿ ಆರಂಭ, ಎಲ್ಲಿ ಕೊನೆ ಎಂಬುದು ಎಲ್ಲರಿಗೂ ತಿಳಿದಿತ್ತು. ಪಳಗಿದವಕ್ಕೆ ಒಂದು ದೂರ, ಪಳಗದವಕ್ಕೆ ಇನ್ನೊಂದು. ಸಮಾಜದ ನಾಯಕರ ಕಣ್ಣೆದುರಿಗೇ ಅದು ನಡೆಯಿತು. ಕಳ್ಳತನದಿಂದ, ಕತ್ತಲಲ್ಲಿ, ಪರರ ದಾರಿಯನ್ನು ಕಸಿದುಕೊಂಡು ನಡೆದ ಆಟ ಅದಾಗಿರಲಿಲ್ಲ. ಇಂದಿಗೂ ವೇಗದ ಆಸೆಯಿರುವ ಯುವಕರಿಗೆ ಅನುಮತಿ ಪಡೆದ ರೇಸಿಂಗ್ ಟ್ರ್ಯಾಕುಗಳಿವೆ, ಅಲ್ಲಿ ನಿಯಮಗಳಿವೆ, ರಕ್ಷಣೆಯ ವ್ಯವಸ್ಥೆಯಿದೆ. ಸಾರ್ವಜನಿಕ ರಸ್ತೆಗೆ ಆ ಯಾವುದೂ ಇಲ್ಲ.

ಹಾಗಾದರೆ ರಸ್ತೆ ಯಾರದು? ಒಮ್ಮೆ ಪ್ರವಾದಿವರ್ಯರು(ಸ) ದಾರಿಬದಿಯಲ್ಲಿ ಕೂರದಂತೆ ಸಹಾಬಿಗಳಿಗೆ ಹೇಳಿದರು. ಮಾತುಕತೆಗೆ ತಮಗೆ ಬೇರೆ ಜಾಗವಿಲ್ಲ ಎಂದು ಸಹಾಬಿಗಳು ತಿಳಿಸಿದಾಗ, ಹಾಗಿದ್ದರೆ ರಸ್ತೆಗೆ ಅದರ ಹಕ್ಕನ್ನು ಕೊಡಿರಿ ಎಂದು ಆದೇಶಿಸಿದರು. ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಬೋಧಿಸಿ ಕೆಡುಕನ್ನು ತಡೆಯುವುದು ಆ ಹಕ್ಕುಗಳೆಂದು ವಿವರಿಸಿದರು (ಬುಖಾರಿ, ಮುಸ್ಲಿಮ್). ಸುಮ್ಮನೆ ಕುಳಿತವನ ಮೇಲೆಯೇ ಇಷ್ಟು ಹೊಣೆಯಿದ್ದರೆ, ನೂರು ಕಿಲೋಮೀಟರ್ ವೇಗದಲ್ಲಿ ಹಾದುಹೋಗುವವನ ಮೇಲೆ ಎಷ್ಟಿರಬಹುದು?

ಬಾಣಗಳನ್ನು ಹಿಡಿದು ಮಸೀದಿಯಲ್ಲೋ ಮಾರುಕಟ್ಟೆಯಲ್ಲೋ ಹಾದುಹೋಗುವವನು ಯಾರಿಗೂ ತಗಲದಂತೆ ಅವುಗಳ ಮೊನೆಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ಬುಖಾರಿ, ಮುಸ್ಲಿಮ್). ಬಾಣ ಹಿಡಿದವನಿಗೆ ಯಾರನ್ನೂ ಗಾಯಗೊಳಿಸುವ ಉದ್ದೇಶವಿರಲಿಲ್ಲ. ಆದರೂ ಎಚ್ಚರಿಕೆ ಅವನ ಕರ್ತವ್ಯವಾಯಿತು. 'ನನಗೆ ಯಾರನ್ನೂ ಕೊಲ್ಲುವ ಉದ್ದೇಶವಿರಲಿಲ್ಲ' ಎಂಬ ಮಾತು ಬೈಕ್ ಓಡಿಸುವವನಿಗೆ ಸಾಕಾಗದು ಎಂಬುದು ಇದರಿಂದ ಸ್ಪಷ್ಟ.

ಬೈಕಿನ ಮೊನೆ ಯಾವುದು? ಅದರ ವೇಗ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿನಲ್ಲಿ ಸುಮಾರು 22 ಮೀಟರ್ ದಾಟುತ್ತದೆ. ಎದುರಿಗಿರುವವನನ್ನು ಕಂಡು ಕೈ ಬ್ರೇಕನ್ನು ಹಿಡಿಯುವುದರೊಳಗೆ ಅಷ್ಟು ದೂರ ಮುಗಿದಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ವೀಲಿಂಗ್ ಮಾಡುವಾಗಲಂತೂ ಮುಂದಿನ ಚಕ್ರ ನೆಲದಲ್ಲೇ ಇರುವುದಿಲ್ಲ. ಆಗ ಹ್ಯಾಂಡಲ್ ತಿರುಗಿಸಿದರೂ ದಾರಿ ಬದಲಾಗದು, ಮುಂದಿನ ಬ್ರೇಕ್ ಹಿಡಿದರೂ ವೇಗ ತಗ್ಗದು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ನೂರರಲ್ಲಿ ಸುಮಾರು 71 ಸಾವುಗಳಿಗೆ ಅತಿವೇಗವೇ ಕಾರಣವೆಂದು ಅದು ದಾಖಲಿಸಿದೆ.

ಇನ್ನು ನಾವು ಹೆಚ್ಚಾಗಿ ಮರೆಯುವ ವಿಷಯಕ್ಕೆ ಬರೋಣ. ರೇಸಿಗೆ ಇಳಿದವನು ಪಣಕ್ಕಿಡುವುದು ತನ್ನ ಪ್ರಾಣವನ್ನು ಮಾತ್ರವೇ? ತನ್ನ ಪ್ರಾಣವೂ ಅವನ ಸೊತ್ತಲ್ಲ, ಅಲ್ಲಾಹನ ಅಮಾನತು. ನಮ್ಮನ್ನು ನಾವೇ ನಾಶಕ್ಕೆ ದೂಡಿಕೊಳ್ಳುವುದನ್ನು ಪವಿತ್ರ ಕುರ್‌ಆನ್ ಅಲ್‌ಬಕರಃ ಅಧ್ಯಾಯದ 195ನೇ ವಚನದಲ್ಲಿ ತಡೆದಿದೆ. ಆದರೆ ಆ ರಸ್ತೆಯಲ್ಲಿ ಬೇರೆಯವರೂ ಇದ್ದಾರೆ. ಫಜ್ರ್ ನಮಾಝಿಗೆಂದು ನಿಧಾನವಾಗಿ ರಸ್ತೆ ದಾಟುವ ವೃದ್ಧರು, ಹೂವಿನ ಬುಟ್ಟಿ ಹೊತ್ತು ಕೆ.ಆರ್. ಮಾರುಕಟ್ಟೆಗೆ ಹೊರಟ ಹೆಂಗಸು, ಊರು ಏಳುವ ಮೊದಲೇ ಪೊರಕೆ ಹಿಡಿದ ಪೌರಕಾರ್ಮಿಕ. ಅವರ ಪ್ರಾಣವನ್ನು ಪಣಕ್ಕಿಡಲು ಅವರಲ್ಲಿ ಯಾರಾದರೂ ಅನುಮತಿ ಕೊಟ್ಟಿದ್ದಾರೆಯೇ? ಒಂದು ಜೀವವನ್ನು ಅನ್ಯಾಯವಾಗಿ ಕೊಂದವನು ಇಡೀ ಮಾನವ ಕುಲವನ್ನೇ ಕೊಂದಂತೆ ಎಂದು ಅಲ್‌ಮಾಇದಃ ಅಧ್ಯಾಯದ 32ನೇ ವಚನ ಎಚ್ಚರಿಸುತ್ತದೆ. ಆ ಜೀವ ಯಾವ ಧರ್ಮದ್ದು ಎಂದು ಅದು ಕೇಳುವುದಿಲ್ಲ.

ಪ್ರವಾದಿವರ್ಯರು(ಸ) ನಿಜವಾದ ದಿವಾಳಿ ಯಾರೆಂಬುದನ್ನು ಸಹಾಬಿಗಳಿಗೆ ವಿವರಿಸಿದ ಹದೀಸನ್ನು ನೀವು ಕೇಳಿರಬಹುದು. ಅವನು ಅಂತ್ಯದಿನದಲ್ಲಿ ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬರುತ್ತಾನೆ. ಆದರೆ ಯಾರನ್ನೋ ಬೈದಿರುತ್ತಾನೆ, ಯಾರನ್ನೋ ಹೊಡೆದಿರುತ್ತಾನೆ, ಯಾರದೋ ರಕ್ತ ಹರಿಸಿರುತ್ತಾನೆ. ಅವನ ಸತ್ಕರ್ಮಗಳು ಅವರಿಗೆ ಹಂಚಿಹೋಗುತ್ತವೆ. ಅವು ಮುಗಿದರೆ ಅವರ ಪಾಪಗಳು ಇವನ ತಲೆಯ ಮೇಲೆ ಬೀಳುತ್ತವೆ (ಮುಸ್ಲಿಮ್). ಅಲ್ಲಾಹನ ಹಕ್ಕಿನಲ್ಲಾದ ಲೋಪಕ್ಕೆ ತೌಬಾದ ಬಾಗಿಲು ತೆರೆದಿದೆ. ದಾಸರ ಹಕ್ಕನ್ನು ಆ ದಾಸರೇ ಕ್ಷಮಿಸಬೇಕು. ಸತ್ತವರ ಬಳಿಗೆ ಹೋಗಿ ಕ್ಷಮೆ ಕೇಳುವುದು ಹೇಗೆ? ಕಾಲು ಕಳೆದುಕೊಂಡು ಕೂಲಿಯೂ ಇಲ್ಲದೆ ಮನೆಯಲ್ಲಿ ಕುಳಿತವನಿಗೆ ಏನನ್ನು ಕೊಟ್ಟು ಲೆಕ್ಕ ಚುಕ್ತಾ ಮಾಡುವುದು? ತಪ್ಪಿ ಕೊಂದವನ ಮೇಲೂ ಅನ್ನಿಸಾ ಅಧ್ಯಾಯದ 92ನೇ ವಚನ ಪ್ರಾಯಶ್ಚಿತ್ತವನ್ನೂ ಮೃತರ ಮನೆಯವರಿಗೆ ಪರಿಹಾರವನ್ನೂ ವಿಧಿಸಿದೆ. ಹೀಗಿರುವಾಗ ತಿಳಿದೂ ಅಪಾಯಕ್ಕೆ ಕೈಹಾಕಿದವನು ಎಷ್ಟು ಭಾರ ಹೊರಬೇಕಾದೀತು ಎಂದು ಯೋಚಿಸಿರಿ.

ಅಪಘಾತವೇ ಆಗದಿದ್ದರೆ? ಆಗಲೂ ಹಕ್ಕು ಬಾಕಿಯಿರುತ್ತದೆ. ಪ್ರಯಾಣದಲ್ಲಿ ನಿದ್ದೆಹೋಗಿದ್ದ ಒಬ್ಬ ಸಹಾಬಿಯ ಹಗ್ಗವನ್ನು ಜೊತೆಗಾರರು ತಮಾಷೆಗೆ ತೆಗೆದಾಗ ಅವರು ಬೆಚ್ಚಿಬಿದ್ದರು. ಒಬ್ಬ ಮುಸ್ಲಿಮನನ್ನು ಹೀಗೆ ಹೆದರಿಸುವುದು ಸಮ್ಮತವಲ್ಲವೆಂದು ಪ್ರವಾದಿವರ್ಯರು(ಸ) ತಿಳಿಸಿದರು (ಅಬೂದಾವೂದ್). ಇಡೀ ಬೀದಿಯ ನಿದ್ದೆಗೆಡಿಸಿ ಹೆದರಿಸುವವರು ಇದರ ಮುಂದೆ ಏನು ಹೇಳುವರು?

ಕೆಲವರು 'ಎಲ್ಲಾ ಅಲ್ಲಾಹನ ವಿಧಿ, ಸಾಯುವ ದಿನ ಸತ್ತೇ ಸಾಯುತ್ತೇವೆ' ಎನ್ನುತ್ತಾರೆ. ಒಂಟೆಯನ್ನು ಕಟ್ಟಿಹಾಕಿ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳ ಬಾಯಲ್ಲಿ ಈ ಮಾತು ಶೋಭಿಸದು. ವಿಧಿಯನ್ನು ನಂಬುವುದು ಈಮಾನ್. ವಿಧಿಯ ಹೆಸರಿನಲ್ಲಿ ಹೆಲ್ಮೆಟ್ ಬಿಟ್ಟು ಓಡುವುದು ಮೂರ್ಖತನ.

ಹಜ್ಜ್‌ನ ಸಂದರ್ಭದಲ್ಲಿ ಅರಫಾದಿಂದ ಹೊರಟಾಗ ಪ್ರವಾದಿವರ್ಯರಿಗೆ(ಸ) ಹಿಂದಿನಿಂದ ದೊಡ್ಡ ಗದ್ದಲ ಕೇಳಿಸಿತು. ಜನರು ಒಂಟೆಗಳನ್ನು ಹೊಡೆದು ಓಡಿಸುತ್ತಿದ್ದರು. ಅವರು ಚಾಟಿಯಿಂದ ಸನ್ನೆ ಮಾಡಿ, ಶಾಂತರಾಗಿ ಸಾಗುವಂತೆ ಹೇಳಿದರು, ಧಾವಿಸುವುದರಲ್ಲಿ ಪುಣ್ಯವಿಲ್ಲವೆಂದು ತಿಳಿಸಿದರು (ಬುಖಾರಿ). ಆರಾಧನೆಯ ದಾರಿಯಲ್ಲೇ ಧಾವಂತ ಬೇಡವೆಂದಾದರೆ, ಆಟದ ದಾರಿಯಲ್ಲಿ ಹೇಗೆ ಬೇಕಾದೀತು?

ಈಗ ತಂದೆತಾಯಿಯರಿಗೊಂದು ಮಾತು. ಮಗ ಹತ್ತನೆಯ ತರಗತಿ ಪಾಸಾದನೆಂದು ಬೈಕ್ ಕೊಡಿಸುವವರು ನಮ್ಮಲ್ಲಿದ್ದಾರೆ. ಕೊಲ್ಲಿ ರಾಷ್ಟ್ರದಲ್ಲಿ ಬೆವರು ಸುರಿಸುವ ತಂದೆ, ಮಗನ ಜೊತೆ ಇರಲಾಗದ ಸಂಕಟಕ್ಕೆ ದುಬಾರಿ ಬೈಕನ್ನೇ ಪರಿಹಾರವೆಂದು ಭಾವಿಸುವುದೂ ಉಂಟು. ಆ ಪ್ರೀತಿಯನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು. ಆದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತ ವಯಸ್ಸಿನ ಮಗ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷಗಳವರೆಗೆ ಜೈಲು, 25 ಸಾವಿರ ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು. ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ನಡೆಸಿದವರಿಗೆ ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 5 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನೆಲದ ಕಾನೂನಿನ ಮಾತು ಇಷ್ಟು. ನಿಮ್ಮನ್ನೂ ಮನೆಯವರನ್ನೂ ನರಕದಿಂದ ರಕ್ಷಿಸಿರೆಂಬ ಅಲ್ಲಾಹನ ಆದೇಶ (ಅತ್ತಹ್ರೀಮ್: 6) ಇದಕ್ಕಿಂತ ದೊಡ್ಡದು. ಆದ್ದರಿಂದ ಬೀಗದ ಕೈ ಮಗನ ಕೈಗಿಡುವ ಮುನ್ನ ಅವನು ಎಲ್ಲಿಗೆ, ಯಾರ ಜೊತೆ ಹೋಗುತ್ತಾನೆಂದು ಕೇಳಿರಿ. ಅವನು ಮನೆಗೆ ಮರಳುವವರೆಗೆ ಎಚ್ಚರವಾಗಿರಿ. ಬೈಯುವುದಕ್ಕಿಂತ ಹೆಚ್ಚಾಗಿ ಅವನ ಜೊತೆ ಕುಳಿತು ಮಾತನಾಡಿರಿ.

ರೇಸಿನ ಮೇಲೆ ಬಾಜಿ ಕಟ್ಟುವವರು, ಬದಿಯಲ್ಲಿ ನಿಂತು ಹುರಿದುಂಬಿಸುವವರು, ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚುವವರು, ತಿಳಿದೂ ಸೈಲೆನ್ಸರ್ ಬದಲಾಯಿಸಿಕೊಡುವ ಗ್ಯಾರೇಜಿನವರು ತಾವು ನಿರ್ದೋಷಿಗಳೆಂದು ಭಾವಿಸಬಾರದು. ಜೂಜು ಸ್ಪಷ್ಟವಾಗಿ ಹರಾಮ್. ಪಾಪಕ್ಕೆ ಸಹಕರಿಸುವುದೂ ಪಾಪವೇ. ನೋಡುವವರಿಲ್ಲದಿದ್ದರೆ ಈ ಆಟಗಳಲ್ಲಿ ಅರ್ಧ ಹಾಗೆಯೇ ನಿಂತುಹೋದಾವು.

ಪ್ರಿಯ ಯುವಕ ಮಿತ್ರರೇ, ಯೌವನವನ್ನು ಯಾವುದರಲ್ಲಿ ಸವೆಸಿದೆ ಎಂಬ ಪ್ರಶ್ನೆಗೆ ಉತ್ತರಿಸದೆ ಅಂತ್ಯದಿನದಲ್ಲಿ ಯಾರ ಪಾದವೂ ಕದಲದು (ತಿರ್ಮಿದಿ). ಅಹಂಕಾರದಿಂದ ನಡೆದವನು ಭೂಮಿಯನ್ನು ಸೀಳಲಾರ, ಎತ್ತರದಲ್ಲಿ ಬೆಟ್ಟಗಳನ್ನೂ ಮುಟ್ಟಲಾರನೆಂದು ಕುರ್‌ಆನ್ (ಅಲ್‌ಇಸ್ರಾ: 37) ನೆನಪಿಸುತ್ತದೆ. ನಿಮ್ಮಲ್ಲಿ ಧೈರ್ಯವಿದೆ, ಅದು ಅಲ್ಲಾಹನ ಕೊಡುಗೆ. ಅದನ್ನು ಅಪಘಾತದಲ್ಲಿ ಬಿದ್ದವನನ್ನು ಎತ್ತಿ ಆಸ್ಪತ್ರೆಗೆ ಸೇರಿಸಲು, ನಡುರಾತ್ರಿ ರಕ್ತದಾನ ಮಾಡಲು ಬಳಸಿರಿ. ಗೆಳೆಯರೆಲ್ಲ ಹೊರಟಾಗ 'ನಾನು ಬರುವುದಿಲ್ಲ, ನೀವೂ ಹೋಗಬೇಡಿ' ಎಂದು ಹೇಳಲು ಬೇಕಾಗುವ ಧೈರ್ಯ ಚಕ್ರ ಎತ್ತುವ ಧೈರ್ಯಕ್ಕಿಂತ ದೊಡ್ಡದು. ದಾರಿಯಿಂದ ಮುಳ್ಳನ್ನು ಸರಿಸುವುದೂ ಈಮಾನಿನ ಒಂದು ಶಾಖೆಯೆಂದು ಕಲಿತವರು ನಾವು. ನಾವೇ ದಾರಿಯ ಮುಳ್ಳಾಗದಿರೋಣ.

ನಮ್ಮ ಮಕ್ಕಳನ್ನು ಸುರಕ್ಷಿತವಾಗಿ ಮನೆಗೆ ತಲುಪಿಸಲು ಮತ್ತು ಅವರಿಂದ ಬೇರೆ ಯಾರ ಮನೆಯ ದೀಪವೂ ಆರದಿರಲು ಅಲ್ಲಾಹನು ಅನುಗ್ರಹಿಸಲಿ. ಆಮೀನ್.