ಗೂಡ್ಸ್ ಗಾಡಿಗೆ ಆಯುಧಪೂಜೆ

ಅರಸರ ಮಹಾನವಮಿಯಲ್ಲಿ ಪೂಜೆ ಸಲ್ಲುತ್ತಿದ್ದುದು ಕತ್ತಿ, ಆನೆ, ಕುದುರೆಗಳಿಗೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆ ಆರಂಭಿಸಿದ್ದು ಆ ಪರಂಪರೆಯ ಮುಂದುವರಿಕೆಯಾಗಿ. ಅರಮನೆಯಾಚೆ ಅದೇ ಪೂಜೆ ನೇಗಿಲು, ಮಗ್ಗ, ತಕ್ಕಡಿಗೆ ಸಂದಿತು. ಮುಂದೆ ಲಾರಿಗೆ, ಬಜಾಜ್ ಟೆಂಪೋ ಕಂಪನಿಯ ಮ್ಯಾಟಡಾರ್‌ಗೆ, 2005ರಿಂದೀಚೆಗೆ ಟಾಟಾ ಏಸ್‌ಗೆ.

ಜನ ‘ಚೋಟಾ ಹಾಥಿ’ ಎಂದು ಕರೆದ ಏಸ್‌ಗೆ ಮೊದಲಿದ್ದದ್ದು ಎರಡು ಸಿಲಿಂಡರಿನ ಪುಟ್ಟ ಡೀಸೆಲ್ ಎಂಜಿನ್. ಹೊರೆ ಮುಕ್ಕಾಲು ಟನ್. ಇಕ್ಕಟ್ಟಾದ ಓಣಿಗೂ ನುಗ್ಗುವ ಈ ಗಾಡಿ, ಬಾಡಿಗೆಗೆ ದುಡಿಯುತ್ತಿದ್ದ ಎಷ್ಟೋ ಚಾಲಕರನ್ನು ಸಾಲದ ಬಲದಿಂದ ಮಾಲೀಕರನ್ನಾಗಿಸಿತು. 2007ರಲ್ಲಿ ಜನರನ್ನು ಒಯ್ಯುವ ಮ್ಯಾಜಿಕ್, 2022ರಲ್ಲಿ ವಿದ್ಯುತ್ ಏಸ್ ಬಂದವು. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ತೆಂಗಿನಕಾಯಿ, ಬೆಲ್ಲ, ತರಕಾರಿ ಹೊರುವ ಇಂಥ ಗಾಡಿಗಳನ್ನು ಹಬ್ಬದ ದಿನ ತೊಳೆದು, ಮುಂದೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಗಾಲಿಯಡಿ ನಿಂಬೆಹಣ್ಣಿಟ್ಟು ಹೊರಡಿಸುತ್ತಾರೆ. ಬಂದವರಿಗೆ ಕಡಲೆಪುರಿ ಹಂಚುತ್ತಾರೆ.

ಜಡವಾದ ಕಬ್ಬಿಣಕ್ಕೆ ಕೈಮುಗಿಯುವುದೇಕೆ? ಈ ಪ್ರಶ್ನೆಗೆ ಆಳವಾದ ಉತ್ತರವೊಂದು ಇದೇ ಸೀಮೆಯೊಂದಿಗೆ ನಂಟುಳ್ಳದ್ದು. ತೊಣ್ಣೂರು, ಮೇಲುಕೋಟೆಗಳಲ್ಲಿ ನೆಲೆಸಿದ್ದ ರಾಮಾನುಜರ ದರ್ಶನದಲ್ಲಿ ಚಿತ್ತು (ಚೇತನ), ಅಚಿತ್ತು (ಜಡ) ಎರಡೂ ಪರಮಾತ್ಮನ ಶರೀರ. ಚೇತನವೊಂದು ಯಾವುದನ್ನು ಧರಿಸಿ, ನಿಯಮಿಸಿ, ತನಗಾಗಿಯೇ ಇರಿಸಿಕೊಳ್ಳುತ್ತದೆಯೋ ಅದು ಆ ಚೇತನದ ಶರೀರ. ಹಾಗೆ ನೋಡಿದರೆ ಗಾಡಿ ಸ್ವತಃ ದೇವರಲ್ಲ, ದೇವರಿಗೆ ಹೊರಗಿನದೂ ಅಲ್ಲ. ನಮಸ್ಕಾರ ಸಲ್ಲುವುದು ಒಳಗಿರುವ ಅಂತರ್ಯಾಮಿಗೆ.

ವಚನಕಾರರು ಈ ಪ್ರಶ್ನೆಯನ್ನೇ ಬೇರೆ ದಿಕ್ಕಿಗೆ ತಿರುಗಿಸಿದರು. ಅವರಿಗೆ ಮುಖ್ಯವಾದದ್ದು ಉಪಕರಣವಲ್ಲ, ಕಾಯಕದ ಶುದ್ಧಿ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಕಳಿಸಿದಳೆಂಬ ಪ್ರಸಂಗ ಪ್ರಸಿದ್ಧ. ಮುಕ್ಕಾಲು ಟನ್ನಿನ ಗಾಡಿಗೆ ಎರಡು ಟನ್ ಹೇರಿ, ವರ್ಷಕ್ಕೊಮ್ಮೆ ಹಾರ ಹಾಕುವವರಿಗೆ ಈ ಪ್ರಸಂಗ ನೇರವಾಗಿ ತಗಲುತ್ತದೆ.

ಎರಡು ದಾರಿಗಳಲ್ಲಿ ಹಬ್ಬದ ಆಚರಣೆಗೆ ಹತ್ತಿರವಾದುದು ರಾಮಾನುಜರದೇ. ಆದರೆ ಅದನ್ನು ಒಪ್ಪಿದರೆ ಪೂರ್ತಿ ಒಪ್ಪಬೇಕಾಗುತ್ತದೆ: ಗಾಡಿಯಂತೆ ರಸ್ತೆಯೂ, ಅದರ ಮೇಲೆ ಬರುವ ಬೈಕ್ ಸವಾರನೂ ಅದೇ ಶರೀರಕ್ಕೆ ಸೇರಿದವರು. ದೃಷ್ಟಿ ತೆಗೆಯಲು ನಡುರಸ್ತೆಯಲ್ಲಿ ಬೂದುಗುಂಬಳ ಒಡೆದು, ಚಕ್ರ ಜಾರುವಂತೆ ಅಲ್ಲೇ ಬಿಟ್ಟುಹೋಗುವುದಕ್ಕೆ ಈ ತತ್ತ್ವದಲ್ಲಿ ಆಧಾರವಿಲ್ಲ.