ಕರ್ತೃವಲ್ಲದ ಭೋಕ್ತೃ

ಮಾಡಿದ ಕರ್ಮದ ಫಲ ಮಾಡಿದವನಿಗೆ ದಕ್ಕದೆ ಹೋಗುವುದನ್ನು ಕೃತನಾಶವೆಂದೂ, ಮಾಡದ ಕರ್ಮದ ಫಲ ಕೊರಳಿಗೆ ಬೀಳುವುದನ್ನು ಅಕೃತಾಭ್ಯಾಗಮವೆಂದೂ ಭಾರತೀಯ ದರ್ಶನಗಳು ಕರೆದು, ಇವೆರಡನ್ನೂ ದೋಷಗಳೆಂದೇ ಎಣಿಸಿವೆ. ಕರ್ತೃ ಎಂದರೆ ಮಾಡುವವನು, ಭೋಕ್ತೃ ಎಂದರೆ ಫಲ ಉಣ್ಣುವವನು; ಇಬ್ಬರೂ ಒಬ್ಬನೇ ಆಗಿರಬೇಕೆಂಬ ಈ ನ್ಯಾಯವನ್ನು ರಾಜ್ಯವ್ಯವಹಾರಕ್ಕೆ ಹಚ್ಚಿದರೆ, ನಿರ್ಧರಿಸುವ ಅಧಿಕಾರ ಬಲ್ಲವರದೋ ಅನುಭವಿಸುವವರದೋ ಎಂಬ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರಾಗುತ್ತದೆ.

ಕೋಲಾರ ಜಿಲ್ಲೆಯನ್ನೇ ನೋಡಿ: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆಗಳನ್ನೇ ನಂಬಿ ಬಾಳಿದವು. ಕೆರೆಗಳು ಬತ್ತಿದಂತೆ ಕೊಳವೆಬಾವಿಗಳಿಗೆ ಶರಣಾದವು. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ 126 ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯನ್ನು ಮುಟ್ಟಿತು. ಅಂತರ್ಜಲ ಏರಿತೆಂದು ಸಂತೋಷಪಟ್ಟ ರೈತರಿದ್ದಾರೆ, ಮೂರನೇ ಹಂತದ ಸಂಸ್ಕರಣೆಯಿಲ್ಲದ ನೀರು ನೆಲಕ್ಕಿಳಿಯುತ್ತದೆಂದು ಅಂಜಿ ನ್ಯಾಯಾಲಯದ ಮೆಟ್ಟಿಲೇರಿದವರೂ ಇದ್ದಾರೆ, ಮತ್ತು ಇಬ್ಬರನ್ನೂ ತಳ್ಳಿಹಾಕುವಂತಿಲ್ಲ. ಆದರೆ ಸಂಸ್ಕರಣೆ ಯಾವ ಹಂತಕ್ಕೆ ನಿಲ್ಲಬೇಕೆಂಬುದು ಇಲಾಖೆಯ ಕಡತಗಳಲ್ಲಿ, ಆಮೇಲೆ ನ್ಯಾಯಪೀಠದ ಮುಂದೆ ಚರ್ಚೆಯಾಯಿತೇ ಹೊರತು ಅದನ್ನು ತೀರ್ಮಾನಿಸಿದ್ದು ಯಾವ ಗ್ರಾಮಸಭೆಯೂ ಅಲ್ಲ.

ಗ್ರಾಮಸಭೆಯೆಂದರೆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರ ಸಭೆ. 73ನೇ ತಿದ್ದುಪಡಿಯ ಮೂಲಕ 1993ರಲ್ಲಿ ಅದಕ್ಕೆ ಸಂವಿಧಾನದ ಸ್ಥಾನ ದೊರೆಯಿತು. ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿ ಓದುವಾಗ ಮಾತ್ರ ಜನ ಸೇರುತ್ತಾರೆಂಬ ದೂರು ಸಾಮಾನ್ಯ, ಆದರೆ ಬೇರೆ ಯಾವ ತೀರ್ಮಾನವನ್ನೂ ಕೈಗೆ ಕೊಡದೆ ಇದನ್ನು ಜನರ ಸ್ವಾರ್ಥವೆನ್ನುವುದು ಅನ್ಯಾಯ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ಪ್ರಜಾಪ್ರಭುತ್ವಕ್ಕೆ ಪ್ರಜೆಯ ಶಿಕ್ಷಣ ಅಗತ್ಯವೆಂದು ನಂಬಿ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಆ ಶಿಕ್ಷಣದ ಒಂದು ಭಾಗವಾದರೂ ತೀರ್ಮಾನಿಸಿ, ತಪ್ಪಿ, ತಿದ್ದಿಕೊಂಡೇ ಬರುವಂಥದು.

ಹಾಗೆಂದು ಊರಿನ ಸಭೆ ನಿರ್ದೋಷಿಯಲ್ಲ. ಕೆರೆಯ ತೂಬು ಎತ್ತಿ, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಸಾಕೆಂದು ಬಲ್ಲವನು ನೀರುಗಂಟಿ. ಹಲವೆಡೆ ದಲಿತನಾಗಿದ್ದ ಅವನಿಗೆ ಕೊಯ್ಲಿನಲ್ಲಿ ಧಾನ್ಯದ ಪಾಲಿತ್ತು, ಜಮೀನ್ದಾರರ ಮಾತುಕತೆಯಲ್ಲಿ ಆಸನವಿರಲಿಲ್ಲ. ಅವನ ವಿಷಯದಲ್ಲಿ ಬಲ್ಲವರದೋ ಅನುಭವಿಸುವವರದೋ ಎಂಬ ವಿಭಾಗವೇ ನಿಲ್ಲುವುದಿಲ್ಲ. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಹಳ್ಳಿಯ ವೈಭವೀಕರಣವನ್ನು ಖಂಡಿಸಿದ್ದು ಇಂಥ ಅನುಭವದಿಂದಲೇ. 2011ರ ಜನಗಣತಿಯಂತೆ ಪರಿಶಿಷ್ಟ ಜಾತಿಯವರು ಶೇಕಡಾ ಸುಮಾರು 30ರಷ್ಟಿರುವ ಈ ಜಿಲ್ಲೆಯಲ್ಲಿ ಆ ಎಚ್ಚರ ಹಳತಾಗಿಲ್ಲ.

ಕರ್ತೃ-ಭೋಕ್ತೃಗಳ ಮಾತಿಗೆ ಮರಳಿದರೆ, ಶ್ರೀಪಾದರಾಜರ ಮಠವಿರುವ ಮುಳಬಾಗಿಲಿನ ದ್ವೈತ ಪರಂಪರೆಯಲ್ಲಿ ಜೀವಾತ್ಮನ ಕರ್ತೃತ್ವ ಪರಾಧೀನ, ಅಂದರೆ ಹರಿಯ ಅಧೀನ, ಆದರೂ ನಿಜ. ಜೀವ ಕರ್ತೃವಲ್ಲದಿದ್ದರೆ ಮಾಡು, ಮಾಡಬೇಡ ಎಂಬ ಶಾಸ್ತ್ರದ ವಿಧಿನಿಷೇಧಗಳೇ ನಿರರ್ಥಕವಾಗುತ್ತವೆಂಬುದು ಅಲ್ಲಿನ ವಾದ. ಗ್ರಾಮಸಭೆಯ ಅಧಿಕಾರವೂ ಕಾನೂನಿನ, ತಜ್ಞರ, ಹಣದ ಅಧೀನವೇ. ಆದರೆ ಕೆರೆಯ ನೀರಿನ ಪರೀಕ್ಷಾ ವರದಿಯನ್ನು ಸಭೆಯಲ್ಲಿ ಓದಿಸಿ, ತಜ್ಞರಿಂದ ಉತ್ತರ ಪಡೆದು, ಬೇಡವೆನ್ನುವ ಅವಕಾಶವನ್ನೂ ಉಳಿಸಿಕೊಡಲು ಆ ಅಧೀನತೆ ಅಡ್ಡಿಯೇನಲ್ಲ.