ಬಂಡೆಯ ಬಿರುಕು, ಊರಿನ ಬಾವಿ

ಬೆಂಗಳೂರಿನ ನಮ್ಮ ಮನೆಗಳ ತಾರಸಿಯಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಯಾವುದೋ ಗುಡ್ಡ ಜಲ್ಲಿಯಾಗಿ ಸೇರಿಕೊಂಡಿರುತ್ತದೆ. ಮನೆ ಕಟ್ಟಿದವರಾರೂ ಕಲ್ಲು ಬೇಡವೆನ್ನುವಂತಿಲ್ಲ; ನಾನೂ ಎನ್ನಲಾರೆ. ಆದರೆ ಆ ಕಲ್ಲನ್ನು ಎತ್ತಿದ ಜಾಗದಲ್ಲಿ ನೀರಿನ ಗತಿ ಏನಾಯಿತು ಎಂದು ಕೇಳುವ ಅಭ್ಯಾಸ ಮಾತ್ರ ನಮಗೆ ಬಂದೇ ಇಲ್ಲ.

ಆಳಕ್ಕಿಳಿದ ಕ್ವಾರಿಯೊಂದರ ಗೋಡೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ, ಬೂದುಗಲ್ಲಿನ ಮೇಲೆ ಒಂದು ಕಡೆ ಕಪ್ಪಗೆ ಒದ್ದೆಯಾದ ಗೆರೆ ಇಳಿದಿರುವುದು ಕಾಣುತ್ತದೆ. ಬುಡದಲ್ಲಿ ಬೆರಳಗಲ ಪಾಚಿ, ಅದರ ಕೆಳಗೆ ಸಣ್ಣ ಮಡು. ಸುತ್ತಲೂ ಬಿಸಿಲು ಕಾಯುತ್ತಿದ್ದರೂ ಅಲ್ಲಿ ಜಿನುಗು ನಿಂತಿರುವುದಿಲ್ಲ. ಗಟ್ಟಿ ಶಿಲೆಯ ನಮ್ಮ ಬಯಲುಸೀಮೆಯಲ್ಲಿ ಅಂತರ್ಜಲಕ್ಕೆ ಇರುವ ತಾವು ಎರಡೇ: ಮೇಲಿನ ಸವೆದ ಪದರ, ಅದರ ಕೆಳಗೆ ಬಂಡೆಯ ಬಿರುಕುಗಳು. ಆ ಒದ್ದೆ ಗೆರೆ ಅಂಥ ಒಂದು ಬಿರುಕಿನ ಬಾಯಿ. ಅದರ ಇನ್ನೊಂದು ತುದಿ ಯಾರ ಹೊಲದ ಕೆಳಗಿದೆಯೋ ಮೇಲೆ ನಿಂತವರಿಗೆ ತಿಳಿಯುವುದಿಲ್ಲ. ಕಲ್ಲು ಒಡೆಯುವವರಿಗೆ ಅದು ಕೆಲಸಕ್ಕೆ ಅಡ್ಡಿಯಾದ ನೀರು. ಮೋಟರ್ ಇಟ್ಟು ಹೊರಗೆ ಹಾಯಿಸುತ್ತಾರೆ.

ಹೀಗೆ ಹಾಯಿಸುತ್ತ ಹೋದಂತೆ ಪಕ್ಕದ ಬಾವಿಗೆ ಏನೂ ಆಗದೆ, ದೂರದ ತೋಟದ ಬೋರ್‌ವೆಲ್ ಬತ್ತಬಹುದು, ಏಕೆಂದರೆ ಬಿರುಕುಗಳು ಹಾದುಹೋಗುವ ದಾರಿಗೂ ನಮ್ಮ ಹದ್ದುಗಲ್ಲುಗಳಿಗೂ ಸಂಬಂಧವಿಲ್ಲ. ಬೋರ್ ಬತ್ತಿದ ರೈತ ಮತ್ತೊಂದನ್ನು ಕೊರೆಸಲು ಸಾಲಕ್ಕೆ ಅಲೆಯುತ್ತಾನೆ. ಮಳೆ ಸರಿಯಾಗಿ ಆಗಲಿಲ್ಲವಲ್ಲ ಎನ್ನುತ್ತಾರೆ ಒಬ್ಬರು. ಪಕ್ಕದವನು ಸಾವಿರ ಅಡಿ ಇಳಿಸಿದ್ದಾನಲ್ಲ ಎನ್ನುತ್ತಾರೆ ಇನ್ನೊಬ್ಬರು. ಎರಡೂ ನಿಜವಿರಬಹುದು, ಕ್ವಾರಿಯ ಪಾಲೂ ಇರಬಹುದು. ಯಾರ ಕೈಯೆಂದು ಬೆರಳು ಮಾಡಿ ತೋರಿಸಲಾಗದ ಕೇಡಿಗೆ ಹೊಣೆ ಹೊರುವವರು ಯಾರು? ಸಾಕ್ಷಿ ಸಿಗದ ಕಡೆ ತಪ್ಪೂ ಇಲ್ಲವೆಂದು ನೆಮ್ಮದಿಯಾಗಿ ಮಲಗುವ ಮನಸ್ಸು ಕ್ವಾರಿಯವರಲ್ಲಿ ಮಾತ್ರ ಇದೆಯೇ? ಕೊಳಚೆಯನ್ನು ರಾಜಕಾಲುವೆಗೆ ಬಿಟ್ಟು ಕೈತೊಳೆದುಕೊಳ್ಳುವ ನಗರದವರಲ್ಲೂ ಅದೇ ಮನಸ್ಸು ಇದೆ.

ಮಳೆನೀರಿನ ಕೇಡಾದರೋ ಕಣ್ಣಿಗೇ ಕಾಣುತ್ತದೆ. ಕ್ರಷರ್ ಅಂಗಳದಲ್ಲಿ ಬಿದ್ದ ಕಲ್ಲಿನ ಪುಡಿ ಮೊದಲ ಜಡಿಮಳೆಗೆ ಕದಡಿ, ಮಜ್ಜಿಗೆಯ ಬಣ್ಣಕ್ಕೆ ತಿರುಗಿ, ಕಾಲುವೆ ಹಿಡಿದು ಕೆರೆಗೆ ಇಳಿಯುತ್ತದೆ. ಕೆರೆಯ ತಳದಲ್ಲಿ ಕೂತು, ನೀರು ಇಂಗುವ ದಾರಿಯನ್ನೇ ಮುಚ್ಚುತ್ತದೆ. ಇದಕ್ಕೆ ಉಪಾಯ ಗೊತ್ತಿಲ್ಲದ್ದೇನಲ್ಲ. ಮೇಲಿನಿಂದ ಬರುವ ತಿಳಿನೀರು ಗುಂಡಿಗೆ ಇಳಿಯದಂತೆ ಸುತ್ತಲೂ ಕಾಲುವೆ ತೆಗೆಯಬೇಕು. ಒಳಗೆ ಕದಡಿದ ನೀರನ್ನು ಒಂದರ ಮುಂದೊಂದು ಹೊಂಡಗಳಲ್ಲಿ ನಿಲ್ಲಿಸಿ, ಹೂಳು ತಳ ಸೇರಿದ ಮೇಲೆ ಹೊರಗೆ ಬಿಡಬೇಕು. ನುಣ್ಣನೆಯ ಪುಡಿ ತಳ ಸೇರಲು ಹೊತ್ತು ಹಿಡಿಯುತ್ತದೆ, ಆ ಹೊತ್ತನ್ನು ನೀರಿಗೆ ಕೊಡುವಷ್ಟು ವ್ಯವಧಾನ ಬೇಕು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುವಂತೆ ಕಟ್ಟಿ, ತೂಬು ಕಾಯಲು ನೀರುಗಂಟಿಯನ್ನು ನೇಮಿಸಿದ ನೆಲದಲ್ಲಿ, ಕೆಳಗಿನವರನ್ನು ನೆನೆದು ನೀರು ಬಿಡುವುದು ಹೊಸ ಪಾಠವೂ ಅಲ್ಲ.

ಕಾನೂನೂ ಇದೆ. ದೊಡ್ಡ ಗಣಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ತೋರಿಸಿ ತಪ್ಪಿಸಿಕೊಳ್ಳುವುದನ್ನು ಕಂಡು, 5 ಹೆಕ್ಟೇರ್‌ಗಿಂತ ಚಿಕ್ಕ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಆದರೂ ಅನುಮತಿ ಪತ್ರ ಕಡತ ಸೇರಿದ ಮೇಲೆ ಮೋಟರ್ ಎಷ್ಟು ಹೊತ್ತು ಓಡಿತೆಂದು ನೋಡುವವರು ಯಾರು?

ಇಷ್ಟೆಲ್ಲದರ ನಡುವೆ ನನಗೆ ಬಹಳ ದೊಡ್ಡದಾಗಿ ಕಾಣುವುದು ಒಂದು ಪುಟ್ಟ ಕೆಲಸ: ಗುಂಡಿ ತೋಡುವ ಮೊದಲೇ ಸುತ್ತಲಿನ ಬಾವಿ, ಬೋರ್‌ವೆಲ್‌ಗಳ ನೀರಿನ ಮಟ್ಟವನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಅಳೆದು, ಎಲ್ಲರಿಗೂ ಕಾಣುವಂತೆ ಬರೆದಿಡುವುದು. ಹಾಗೆ ಅಳೆಯುವ ಕ್ವಾರಿಯವನು ನಾಳೆ ತನ್ನ ವಿರುದ್ಧವೇ ನಿಲ್ಲಬಹುದಾದ ಸಾಕ್ಷಿಯನ್ನು ಇಂದೇ ತಾನಾಗಿ ಊರಿನ ಕೈಗೆ ಕೊಡುತ್ತಾನೆ. ಪ್ರಾಮಾಣಿಕತೆಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ನನಗೆ ತೋಚುತ್ತಿಲ್ಲ. ನೀರು ಇಳಿಯದಿದ್ದರೆ ಅವನ ಮೇಲಿನ ಸಂಶಯ ಹೋಗುತ್ತದೆ; ಇಳಿದರೆ ರೈತನ ಮಾತಿಗೆ ಬಲ ಬರುತ್ತದೆ.

ನಿಮ್ಮ ಊರಿನ ಬಂಡೆಗೂ ಕ್ವಾರಿಯ ಅರ್ಜಿ ಬಿದ್ದಿದ್ದರೆ, ಮೊದಲ ಸಿಡಿಮದ್ದು ಇಡುವ ಮುನ್ನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಲೆಕ್ಕವನ್ನು ಕೇಳಿ. ಯಾರೂ ಅಳೆದಿಲ್ಲವೆಂದರೆ, ಹಗ್ಗಕ್ಕೊಂದು ಕಲ್ಲು ಕಟ್ಟಿ ನಿಮ್ಮ ಬಾವಿಯನ್ನಾದರೂ ನೀವೇ ಅಳೆದು, ತಾರೀಖು ಹಾಕಿ ಬರೆದಿಡಿ.